ಇನ್ನೂರು ಎಣಿಸುವ ತನಕ ಕಿಟಕಿಗೆ ಬೆನ್ನು

ಬುಧವಾರ, ಬೆಳಗಿನ ಏಳು ಗಂಟೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ, ಒಳಗೆ ರವೆ ಗಂಜಿ ಕುದಿಯುವ ವಾಸನೆ. ಚೆಲ್ಯಾಬಿನ್ಸ್ಕ್‌ನ ಉಕ್ಕಿನ ಕಾರ್ಖಾನೆ ಬಡಾವಣೆಯ ಈ ಶಿಶುವಿಹಾರಕ್ಕೆ ಮಕ್ಕಳು ಬರಲು ಇನ್ನೂ ಅರ್ಧ ಗಂಟೆಯಿದೆ. ಸ್ಟೂಲಿನ ಮೇಲೆ ನಿಂತ ಗಾಜಿನ ಕೆಲಸಗಾರ್ತಿ ಮುನೀರಾ ಖಾಬೀರೊವ್ನಾ ಕಿಟಕಿಯ ಗಾಜನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿ, ಬಾಗಿಲು ತಟ್ಟಿದವರು ಉತ್ತರಕ್ಕೆ ಕಾಯುವಂತೆ ಕಿವಿಗೊಟ್ಟು ನಿಲ್ಲುತ್ತಾರೆ.

"ಗಟ್ಟಿ ಇರೋದು ಟಿಣ್ ಅನ್ನತ್ತೆ. ಒಳಗೇ ಬಿರುಕು ಬಿಟ್ಟಿರೋದು ಟಪ್ ಅನ್ನತ್ತೆ. ಇದು ಪರವಾಗಿಲ್ಲ, ಇನ್ನೂ ಬದುಕಿದೆ," ಎನ್ನುತ್ತಾರೆ.

ಆಮೇಲೆ ಗಾಜಿಗೆ ಸೋಪಿನ ನೀರು ಚಿಮುಕಿಸಿ, ಪಾರದರ್ಶಕ ಹಾಳೆಯೊಂದನ್ನು ಮೇಲಿನಿಂದ ಇಳಿಬಿಟ್ಟು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗುತ್ತಾರೆ. ಒಂದು ಗುಳ್ಳೆ ಉಳಿದರೂ ಕಿತ್ತು ಮತ್ತೆ ಅಂಟಿಸುತ್ತಾರೆ. ಹಾಳೆ ಅಂಟಿದ ಮೇಲೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಈ ಕೆಲಸದ ದೌರ್ಭಾಗ್ಯವೇ ಅದು: ಚೆನ್ನಾಗಿ ಮಾಡಿದಷ್ಟೂ ಕಣ್ಣಿಗೆ ಬೀಳುವುದಿಲ್ಲ.

"ಇದು ಗಾಜು ಒಡೆಯೋದನ್ನ ತಡೆಯಲ್ಲ, ಸುಳ್ಳು ಯಾಕೆ ಹೇಳ್ಲಿ. ಒಡೆದಿದ್ದು ಹಾರದ ಹಾಗೆ ಹಿಡ್ಕೊಳ್ಳತ್ತೆ. ಅಷ್ಟು ಸಾಕು. ನಮ್ಮೂರಲ್ಲಿ ಜನ ಕಲ್ಲಿಂದ ಗಾಯ ಆಗ್ಲಿಲ್ಲ, ಗಾಜಿಂದ ಆದ್ರು."

ಶಿಶುವಿಹಾರದಲ್ಲಿ ಒಟ್ಟು ಇಪ್ಪತ್ತೆರಡು ಕಿಟಕಿಗಳು. ಒಂದೊಂದಕ್ಕೆ ನಾಲ್ಕು ಗಾಜು. ದಿನಕ್ಕೆ ಮೂರು ಕಿಟಕಿ ಮುಗಿದರೆ ಹೆಚ್ಚು, ಏಕೆಂದರೆ ಐವತ್ತೊಂಬತ್ತರ ಬೆರಳುಗಳು ಸಂಜೆ ಹೊತ್ತಿಗೆ ಮಡಚಲು ಒಪ್ಪುವುದಿಲ್ಲ. ಹದಿನಾರು ಆಗಿವೆ, ಆರು ಬಾಕಿ. ಶುಕ್ರವಾರ ಬೆಳಗ್ಗೆ ಎಂಟಕ್ಕೆ, ಮೂರು ಮಹಡಿ ಕಟ್ಟಡದಷ್ಟು ದೊಡ್ಡ ಕ್ಷುದ್ರಗ್ರಹವೊಂದು ಭೂಮಿಯ ಪಕ್ಕದಲ್ಲೇ ಹಾದುಹೋಗಲಿದೆ. ಪಕ್ಕದಲ್ಲೇ ಎಂದರೆ ಚಂದ್ರನಿರುವ ದೂರದ ಅರ್ಧಕ್ಕೆ. ವಾರದಿಂದ ಊರಿನ ಬಾಯಲ್ಲಿ ಬೇರೆ ಮಾತಿಲ್ಲ.

ಟ್ರಾಮಿನಲ್ಲಿ ಟಿಕೆಟ್ ಕೊಡುವಾಕೆ ದಿನಾ ಇವರನ್ನು ಅಪಾ, ಅಂದರೆ ಅಕ್ಕಾ, ಎಂದು ಕರೆದು ಕೆಣಕುತ್ತಾಳೆ: "ಅಪಾ, ಶುಕ್ರವಾರದ ಟಿಕೆಟ್ ಕೊಡ್ಲಾ ಬೇಡ್ವಾ? ಪ್ರಪಂಚ ಇರತ್ತೋ ಇಲ್ವೋ ನೀವೇ ಹೇಳ್ಬೇಕು."

"ಇರತ್ತೆ ಕಣೇ. ನೀನು ಚಿಲ್ಲರೆ ಇಲ್ಲ ಅಂತ ನುಂಗೋದೂ ಇರತ್ತೆ," ಎಂದು ಮುನೀರಾ ಬಾಯಿ ಮುಚ್ಚಿಸುತ್ತಾರೆ. ಇಳಿದು ಹತ್ತು ಹೆಜ್ಜೆ ನಡೆದ ಮೇಲೆ ಮಾತ್ರ ಆಕಾಶದತ್ತ ಒಮ್ಮೆ ನೋಡುತ್ತಾರೆ. ಅದೂ ಸೂರ್ಯ ಹುಟ್ಟುವ ದಿಕ್ಕಿಗೆ.

ಆ ದಿಕ್ಕಿಗೇ ಏಕೆ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ಎರಡು ಸಾವಿರದ ಹದಿಮೂರರ ಫೆಬ್ರವರಿ ಹದಿನೈದು, ಅದೂ ಶುಕ್ರವಾರವೇ. ಅವತ್ತೂ ಒಂದು ಕಲ್ಲು ಭೂಮಿಯ ಹತ್ತಿರ ಹಾದುಹೋಗಲಿದೆ ಎಂದು ವಿಜ್ಞಾನಿಗಳು ಮೊದಲೇ ಹೇಳಿದ್ದರು, ಅದು ಹೇಳಿದಂತೆಯೇ ಸಂಭಾವಿತನಂತೆ ಹಾದೂ ಹೋಯಿತು. ಆದರೆ ಅದಕ್ಕೆ ಕೆಲವು ಗಂಟೆ ಮೊದಲು, ಯಾವ ಪಟ್ಟಿಯಲ್ಲೂ ಇಲ್ಲದ ಇನ್ನೊಂದು ಕಲ್ಲು ಸೂರ್ಯನ ಬೆಳಕಿನ ಮರೆಯಿಂದ ಬಂದು ಚೆಲ್ಯಾಬಿನ್ಸ್ಕ್‌ನ ನೆತ್ತಿಯ ಮೇಲೆ ಸಿಡಿಯಿತು. ಮೊದಲು ಬಂದದ್ದು ಬೆಳಕು. ಸದ್ದು ಬಂದದ್ದು ಎರಡು ನಿಮಿಷದ ಮೇಲೆ. ಆ ಎರಡು ನಿಮಿಷದಲ್ಲಿ ಊರಿಗೆ ಊರೇ ಕಿಟಕಿಗೆ ಮುಖವಿಟ್ಟು ನಿಂತಿತ್ತು. ಸುಮಾರು ಸಾವಿರದ ಐನೂರು ಜನ ಗಾಯಗೊಂಡರು, ಹೆಚ್ಚಿನವರು ಗಾಜು ಸಿಡಿದು.

ಮುನೀರಾ ಅವತ್ತು ಮಧ್ಯಾಹ್ನದ ಪಾಳಿಯವರು. ಗಂಡ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮಗಳು ಗುಲ್ಶಾತ್‌ಗೆ ಹದಿನೇಳು, ನೆಗಡಿಯೆಂದು ಶಾಲೆಗೆ ಹೋಗಿರಲಿಲ್ಲ. ಚಹಾಕ್ಕೆ ಹಾಲು ಇಟ್ಟಿದ್ದ ಮುನೀರಾಗೆ ಅಡುಗೆಮನೆಯ ಗೋಡೆಯೆಲ್ಲ ಬೆಳ್ಳಗೆ ಹೊಳೆದದ್ದು ಕಂಡಿತು. ಕಿಟಕಿಗೆ ಓಡಿದರು. ಆಕಾಶದಲ್ಲಿ ಉದ್ದಕ್ಕೆ ಎರಡೆಳೆಯ ಹೊಗೆ.

"'ಗುಲ್ಶಾತ್, ಬಾ ಇಲ್ಲಿ, ನೋಡು!' ಅಂತ ಕೂಗ್ದೆ. ಹೊದ್ದು ಮಲಗಿದ್ದೋಳು ಎದ್ದು ಬಂದ್ಳು. ಅಷ್ಟರಲ್ಲಿ ಹಾಲು ಉಕ್ತು. ನಾನು ಒಲೆ ಹತ್ರ ತಿರುಗ್ದೆ. ನಾನು ನಿಂತಿದ್ದ ಜಾಗದಲ್ಲಿ ಅವಳು ನಿಂತ್ಕೊಂಡ್ಳು."

ಇಷ್ಟು ಹೇಳಿ ಮುನೀರಾ ರಬ್ಬರ್ ಪಟ್ಟಿಯನ್ನು ಬಟ್ಟೆಯಿಂದ ಒರೆಸುತ್ತಾರೆ. ಅದು ಆಗಲೇ ಒಣಗಿದೆ.

ಗುಲ್ಶಾತ್‌ಳ ಎಡಗಣ್ಣು ಹೋಯಿತು. ಆ ಕಿಟಕಿಯ ಗಾಜು ಕೂರಿಸಿದ್ದೂ ಮುನೀರಾ ಅವರೇ. ಇಪ್ಪತ್ತೊಂದನೆಯ ವಯಸ್ಸಿನಿಂದ ವಸತಿ ಇಲಾಖೆಯಲ್ಲಿ ಗಾಜಿನ ಕೆಲಸ ಮಾಡುತ್ತಾ ಬಂದವರು, ಕೆಲಸದಲ್ಲಿ ಮಿಕ್ಕಿದ ತೆಳು ಗಾಜನ್ನು ತಂದು ಸ್ವಂತ ಮನೆಗೆ ಹಾಕಿಕೊಂಡಿದ್ದರು. ಕಲ್ಲು ಸಿಡಿದ ದಿನದಿಂದ ಹದಿನೇಳು ದಿನ ಊರಿಗೆಲ್ಲ ಗಾಜು ಹಾಕಿದರು, ದಿನಕ್ಕೆ ಐವತ್ತು, ಅರವತ್ತು. ಗಾಜು ಅಂಟಿಸುವ ಪುಟ್ಟಿ ಚಳಿಗೆ ಕಲ್ಲಾಗುತ್ತಿತ್ತು. ಅದನ್ನು ಕಂಕುಳಲ್ಲಿಟ್ಟು ಮೆದು ಮಾಡಿಕೊಳ್ಳುತ್ತಿದ್ದರು. ಸಂಜೆ ಅದೇ ಕೈಯಲ್ಲಿ ಆಸ್ಪತ್ರೆಗೆ ಹೋಗಿ ಮಗಳಿಗೆ ಊಟ ತಿನ್ನಿಸುತ್ತಿದ್ದರು. ಸ್ವಂತ ಅಡುಗೆಮನೆಯ ಕಿಟಕಿಗೆ ಮಾತ್ರ ಮಾರ್ಚ್ ಕಳೆಯುವ ತನಕ ಕಂಬಳಿಯೇ ಗತಿ.

ಗುಲ್ಶಾತ್‌ಗೆ ಈಗ ಇಪ್ಪತ್ತೊಂಬತ್ತು ದಾಟಿದೆ. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಬಾಯಿ ಅಮ್ಮನದೇ. "ಸೂಜಿಗೆ ದಾರ ಪೋಣಿಸೋವಾಗ ಎಲ್ರೂ ಒಂದು ಕಣ್ಣು ಮುಚ್ಕೋಬೇಕು. ನನಗೆ ಆ ಕಷ್ಟ ಇಲ್ಲ," ಎಂದು ನಗುತ್ತಾಳೆ. ಬಟ್ಟೆ ಕೊಡಲು ಬಂದವರು ನಗಬೇಕೋ ಬೇಡವೋ ತಿಳಿಯದೆ ಪೇಚಾಡುತ್ತಾರೆ. ಅಮ್ಮನ ಬಗ್ಗೆ ಕೇಳಿದರೆ ಅವಳ ದನಿ ಬದಲಾಗುತ್ತದೆ.

"ಕರೀದಿದ್ರೂ ಬರ್ತಿದ್ದೆ ಅಂತ ನೂರು ಸಲ ಹೇಳಿದೀನಿ. ಅಮ್ಮನ ತಲೆಗೆ ಹೋಗಲ್ಲ. ಅವತ್ತಿಂದ ಇವತ್ತಿನ ತನಕ 'ಬಾ, ನೋಡು' ಅಂತ ಒಂದು ದಿನ ಅಂದಿಲ್ಲ. ಮೊದಲ ಹಿಮ ಬಿದ್ರೂ ಅನ್ನಲ್ಲ. ಒಬ್ಬಳೇ ನಿಂತು ನೋಡಿ, ಸುಮ್ನೆ ಬಂದು ಕೂತ್ಕೋತಾಳೆ."

ಹಾಗಾಗಿ ಶಿಶುವಿಹಾರದ ಮುಖ್ಯಸ್ಥೆ ರಿಮ್ಮಾ ಪಾವ್ಲೊವ್ನಾ ತಮ್ಮ ಶುಕ್ರವಾರದ ಕಾರ್ಯಕ್ರಮವನ್ನು ಖುಷಿಯಿಂದ ವಿವರಿಸಿದಾಗ ಮುನೀರಾ ಅವರ ಕೈಯಲ್ಲಿದ್ದ ಹಾಳೆಯ ಸುರುಳಿ ಜಾರಿ ಬೀಳುತ್ತದೆ. ಮಕ್ಕಳು ಕಾಗದದ ದೂರದರ್ಶಕ ಮಾಡಿಕೊಂಡಿದ್ದಾರಂತೆ. ಎಂಟು ಗಂಟೆಗೆ ಸಂಗೀತದ ಕೋಣೆಯ ದೊಡ್ಡ ಕಿಟಕಿಯೆದುರು ನಿಂತು, ಹಾದುಹೋಗುವ ಕಲ್ಲಿಗೆ ಕೈಬೀಸುವರಂತೆ.

"ಕಿಟಕಿ ಎದುರಾ?" ಎಂದು ಮುನೀರಾ ಕೇಳುತ್ತಾರೆ.

"ಇನ್ನೆಲ್ಲಿ, ಬಚ್ಚಲಲ್ಲಾ? ಕಲ್ಲೇನೂ ಕಾಣಲ್ಲ ಬಿಡಿ, ಸುಮ್ನೆ ಮಕ್ಕಳಿಗೊಂದು ಸಂತೋಷ. ಮನೇಲಿ ಟಿವಿ ನೋಡಿ ಹೆದರಿಕೊಂಡಿದಾವೆ. ಎರಡು ಮಕ್ಕಳು ಹಾಸಿಗೆ ಒದ್ದೆ ಮಾಡ್ತಿದಾವೆ."

"ಮಕ್ಕಳನ್ನ ಗಾಜಿನ ಹತ್ರ ಕರೀಬೇಡಿ ರಿಮ್ಮಾ ಪಾವ್ಲೊವ್ನಾ. ನಿಮ್ಮ ಕಾಲಿಗೆ ಬೀಳ್ತೀನಿ."

"ಮುನೀರಾ ಖಾಬೀರೊವ್ನಾ, ನಿಮ್ಮ ನೋವು ನನಗೆ ಗೊತ್ತು. ಅದನ್ನ ಐದು ವರ್ಷದ ಕೂಸುಗಳ ತಲೆಗೆ ಹಾಕ್ಬೇಡಿ."

ಮಾತು ಚುಚ್ಚುತ್ತದೆ. ಅದರಲ್ಲಿ ನಿಜವೂ ಇದೆ. ಮುನೀರಾ ಆ ಸಂಜೆ ಟ್ರಾಮು ಬಿಟ್ಟು, ವಿಶ್ವವಿದ್ಯಾಲಯದಲ್ಲಿ ಖಗೋಳ ಪಾಠ ಮಾಡುವ ಗ್ಲೆಬ್ ಅರ್ಕಾದ್ಯೆವಿಚ್ ಅವರ ಮನೆಗೆ ನಡೆದೇ ಹೋಗುತ್ತಾರೆ. ಅವರ ಮನೆಯ ಗಾಜು ಹಾಕಿದ್ದೂ ಇವರೇ, ಹಾಗಾಗಿ ಸಂಕೋಚವಿಲ್ಲ. ನೇರವಾಗಿ ಕೇಳುತ್ತಾರೆ: ಹೆದರಬೇಕಾ, ಬೇಡ್ವಾ?

"ಈ ಶುಕ್ರವಾರದ್ದಕ್ಕೆ ಬೇಡ. ಅದರ ದಾರಿ ನಮಗೆ ಗೊತ್ತು. ಊರುಗಳನ್ನೇ ಅಳಿಸೋ ಭಾರೀ ಕಲ್ಲುಗಳಿವೆಯಲ್ಲ, ಹೆಚ್ಚುಕಮ್ಮಿ ಅವೆಲ್ಲ ಲೆಕ್ಕಕ್ಕೆ ಸಿಕ್ಕಿವೆ. ಮುಂದಿನ ನೂರು ವರ್ಷ ಅವುಗಳಲ್ಲಿ ಯಾವುದೂ ಬರೋ ಹಾಗೆ ಕಾಣಲ್ಲ," ಎನ್ನುತ್ತಾರೆ ಅವರು.

"ಸಣ್ಣವು? ಸೂರ್ಯನ ಕಡೆಯಿಂದ ಬರೋವು?"

ಮೇಷ್ಟರು ಚಹಾದ ಲೋಟವನ್ನು ಒಮ್ಮೆ ತಿರುಗಿಸುತ್ತಾರೆ. "ಅವು ಕಾಣಲ್ಲ. ನಿಜ ಹೇಳ್ಬೇಕಂದ್ರೆ ಕಾಣಲ್ಲ. ಆದ್ರೆ ಅಂಥದ್ದು ಬರೋದು ಹತ್ತಾರು ವರ್ಷಕ್ಕೊಮ್ಮೆ. ಬಂದ್ರೂ ಸಮುದ್ರವೋ ಕಾಡೋ, ಎಲ್ಲೋ ಬೀಳತ್ತೆ. ಒಂದೇ ಊರಿಗೆ ಮತ್ತೆ ಬರೋದು ಅಂದ್ರೆ..." ಎಂದು ತಲೆಯಾಡಿಸುತ್ತಾರೆ.

ದಾರಿಯುದ್ದಕ್ಕೂ ಮುನೀರಾ ಲೆಕ್ಕ ಹಾಕುತ್ತಾರೆ. ಹೇಳಿ ಬರುವ ಕಲ್ಲಿಗೆ ಹೆದರಬೇಕಿಲ್ಲ. ಹೇಳದೆ ಬರುವುದಕ್ಕೆ ಹೆದರಿ ಪ್ರಯೋಜನವಿಲ್ಲ. ಹಾಗಾದರೆ ಉಳಿದದ್ದೇನು? ಬೆಳಕಿಗೂ ಸದ್ದಿಗೂ ನಡುವಿನ ಆ ಎರಡು ನಿಮಿಷ. ಅದಿಷ್ಟು ಮಾತ್ರ ಮನುಷ್ಯರ ಕೈಯಲ್ಲಿದೆ.

ಗುರುವಾರ ಬೆಳಗ್ಗೆ ಅವರು ರಿಮ್ಮಾ ಪಾವ್ಲೊವ್ನಾ ಎದುರು ಒಂದು ಒಪ್ಪಂದ ಇಡುತ್ತಾರೆ. ಸಂಗೀತದ ಕೋಣೆಯ ಕಿಟಕಿಯನ್ನು ಇವತ್ತೇ ಮುಗಿಸಿಕೊಡುತ್ತೇನೆ, ಮಕ್ಕಳು ಕೈಬೀಸಲಿ. ಅದಕ್ಕೆ ಬದಲಾಗಿ ನನಗೆ ಮಕ್ಕಳ ಜೊತೆ ಅರ್ಧ ಗಂಟೆ ಆಟ ಬೇಕು. ಹೆದರಿಸುವುದಿಲ್ಲ, ಕಲ್ಲಿನ ಹೆಸರೂ ಎತ್ತುವುದಿಲ್ಲ. ರಿಮ್ಮಾ ಪಾವ್ಲೊವ್ನಾ ಅನುಮಾನದಿಂದಲೇ ಒಪ್ಪುತ್ತಾರೆ.

ಆಟ ಸುಲಭ. ಮುನೀರಾ ಟಾರ್ಚು ಹೊತ್ತಿಸಿದ ಕೂಡಲೇ ಕಿಟಕಿಯಿಂದ ಓಡಿ ಎದುರು ಗೋಡೆಗೆ ಹೋಗಬೇಕು. ಕಿಟಕಿಗೆ ಬೆನ್ನು ಹಾಕಿ, ತಲೆ ಮಂಡಿಗೆ ಇಟ್ಟು ಕೂರಬೇಕು. ಇನ್ನೂರು ಎಣಿಸುವ ತನಕ ತಿರುಗಿದವರು ಸೋತಂತೆ. ಇನ್ನೂರು ಎಣಿಸಲು ಯಾರಿಗೂ ಬಾರದು. ಆರು ವರ್ಷದ ವಾಸಿಲಿಸಾ, ಈ ಗುಂಪಿನ ಯಜಮಾನಿ, ಅದಕ್ಕೊಂದು ದಾರಿ ಹುಡುಕುತ್ತಾಳೆ: ಇಪ್ಪತ್ತನ್ನು ಹತ್ತು ಸಲ ಎಣಿಸುವುದು, ಒಂದೊಂದು ಇಪ್ಪತ್ತಕ್ಕೆ ಒಂದೊಂದು ಬೆರಳು ಮಡಚುವುದು.

"ಅಜ್ಜೀ, ಗೆದ್ದವರಿಗೆ ಏನು ಕೊಡ್ತೀರಿ?"

"ಗೆದ್ದವರಿಗೆ ಮತ್ತೆ ಕಿಟಕಿ ನೋಡೋಕೆ ಬಿಡ್ತೀನಿ."

"ಅಯ್ಯೋ, ಇಷ್ಟೇನಾ!" ಎಂದು ವಾಸಿಲಿಸಾ ಮೂಗು ಮುರಿಯುತ್ತಾಳೆ. ಮಾರನೆಯ ದಿನ ಚಕ್‌ಚಕ್ ಎಂಬ ಜೇನುಪಾಕದ ಸಿಹಿತಿಂಡಿ ತರುವುದೆಂದು ಮಾತಾಗುತ್ತದೆ.

ಶುಕ್ರವಾರ. ಎಂಟಕ್ಕೆ ಐದು ನಿಮಿಷವಿದೆ, ಸೂರ್ಯ ಇನ್ನೂ ಹುಟ್ಟಿಲ್ಲ. ಹದಿನೆಂಟು ಮಕ್ಕಳು ಕಾಗದದ ಕೊಳವೆ ಕಣ್ಣಿಗಿಟ್ಟು ದೊಡ್ಡ ಕಿಟಕಿಗೆ ಮೂಗು ಒತ್ತಿ ನಿಂತಿದ್ದಾರೆ. ಮುನೀರಾ ಹಿಂದಿನ ಗೋಡೆಗೆ ಒರಗಿದ್ದಾರೆ. ಮೇಷ್ಟರ ಮಾತು ನಂಬಿದ್ದಾರೆ, ಆದರೂ ಒಳಗಿನ ಹೆದರಿಕೆ ಯಾವ ಮೇಷ್ಟರ ಮಾತನ್ನೂ ಕೇಳುತ್ತಿಲ್ಲ. ಗೋಡೆಯ ಗಡಿಯಾರ ಅಲ್ಲೇ ನಿಂತುಬಿಟ್ಟಂತೆ ಅನ್ನಿಸುತ್ತದೆ.

ಆಗ ಕೋಣೆಗೆ ಕೋಣೆಯೇ ನೀಲಿಯಾಗಿ ಹೊಳೆಯುತ್ತದೆ.

ಅದು ಟ್ರಾಮು. ತಂತಿಗೆ ಮಂಜು ಕಟ್ಟಿದ ಬೆಳಗುಗಳಲ್ಲಿ ಬೀದಿ ತಿರುವಿನಲ್ಲಿ ಕಿಡಿ ಹಾರುವುದು ಇಲ್ಲಿ ದಿನದ ಮಾತು. ಇವತ್ತಿನ ಕಿಡಿ ಕಿಟಕಿಯ ನೇರಕ್ಕೇ ಹಾರಿದೆ. ಆದರೆ ಆ ಕ್ಷಣಕ್ಕೆ ಅದು ಟ್ರಾಮೆಂದು ಕೋಣೆಯಲ್ಲಿ ಯಾರಿಗೆ ಗೊತ್ತು? ರಿಮ್ಮಾ ಪಾವ್ಲೊವ್ನಾ "ಅದೇನದು!" ಎನ್ನುತ್ತಾ ಎರಡು ಹೆಜ್ಜೆ ಕಿಟಕಿಯತ್ತ ಹೋಗುತ್ತಾರೆ, ಅಂದು ಇಡೀ ಊರು ಹೋದ ಹಾಗೆಯೇ.

ಮಕ್ಕಳು ಆಗಲೇ ಓಡಿದ್ದಾರೆ. ಕಾಗದದ ಕೊಳವೆಗಳು ನೆಲದ ಮೇಲೆ ಉರುಳುತ್ತಿವೆ. ಹದಿನೆಂಟು ಬೆನ್ನುಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿವೆ.

"ರಿಮ್ಮಾ ಪಾವ್ಲೊವ್ನಾ, ಬೆನ್ನು! ಬೆನ್ನು ಹಾಕಿ! ನೀವು ಸೋತ್ರಿ!" ಎಂದು ವಾಸಿಲಿಸಾ ಗೋಡೆಗೆ ಮುಖ ಮಾಡಿಕೊಂಡೇ ಕಿರುಚುತ್ತಾಳೆ.

ರಿಮ್ಮಾ ಪಾವ್ಲೊವ್ನಾ ನಿಂತಲ್ಲೇ ತಿರುಗುತ್ತಾರೆ. ಆಮೇಲೆ ಇಸ್ತ್ರಿ ಮಾಡಿದ ಸ್ಕರ್ಟಿನಲ್ಲೇ ಮಕ್ಕಳ ಪಕ್ಕ ನೆಲಕ್ಕೆ ಕೂತು, ತಲೆಯನ್ನು ಮಂಡಿಗೆ ಇಡುತ್ತಾರೆ. ಒಂದು, ಎರಡು, ಮೂರು. ಹದಿಮೂರರ ಮೇಲೆ ಹದಿನೈದು ಬಂದರೂ ಯಾರೂ ತಿದ್ದುವುದಿಲ್ಲ. ಹೊರಗೆ ಟ್ರಾಮು ಗಂಟೆ ಬಾರಿಸಿ ಹೊರಟುಹೋದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಆದರೂ ಯಾರೂ ಏಳುವುದಿಲ್ಲ. ಹತ್ತನೇ ಬೆರಳು ಮಡಚಿದಾಗ ಗಡಿಯಾರ ಎಂಟು ದಾಟಿದೆ. ಏನೂ ಆಗಿಲ್ಲ. ಕಲ್ಲು ಅದರ ಪಾಡಿಗೆ ಅದು ಹೋಗಿದೆ.

ಮುನೀರಾ ಚಕ್‌ಚಕ್ ಹಂಚಲು ಹೋಗಿ ತಟ್ಟೆ ಹಿಡಿದೇ ಅತ್ತುಬಿಡುತ್ತಾರೆ. ರಿಮ್ಮಾ ಪಾವ್ಲೊವ್ನಾ ತಟ್ಟೆ ತೆಗೆದುಕೊಂಡು, "ಉಳಿದ ಕಿಟಕಿ ಯಾವಾಗ ಮುಗಿಸ್ತೀರಿ?" ಎಂದಷ್ಟೇ ಕೇಳುತ್ತಾರೆ.

ಇಷ್ಟೆಲ್ಲ ದುಡಿದದ್ದಕ್ಕೆ ಏನಾದರೂ ಆಸೆ ಇದೆಯೇ ಎಂದರೆ ಮುನೀರಾ ಹೇಳುವುದಿಷ್ಟು: "ನನ್ನ ಕೆಲಸ ಚೆನ್ನಾಗಿತ್ತೋ ಇಲ್ವೋ ಅಂತ ಯಾರಿಗೂ ಯಾವತ್ತೂ ಗೊತ್ತಾಗದೆ ಹೋಗ್ಲಿ. ಅಷ್ಟೇ."

ಸಂಜೆ ಮನೆಗೆ ಬಂದಾಗ ಗುಲ್ಶಾತ್ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಾಳೆ. ಮುನೀರಾ ಕೋಟು ಬಿಚ್ಚುವ ಮೊದಲೇ ಚೀಲದಿಂದ ಒಂದು ಕಾಗದ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಡುತ್ತಾರೆ. ವಾಸಿಲಿಸಾ ಬರೆದುಕೊಟ್ಟ ಚಿತ್ರ: ಗೋಡೆಯುದ್ದಕ್ಕೂ ಸಾಲಾಗಿ ಕೂತ ಬೆನ್ನುಗಳು, ಕೊನೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಒಂದು ಬೆನ್ನು, ಅದು ರಿಮ್ಮಾ ಪಾವ್ಲೊವ್ನಾ.

ಅದನ್ನು ನೋಡುತ್ತಾ ನಿಂತ ಮುನೀರಾಗೆ ನಗು ತಡೆಯುವುದಿಲ್ಲ.

"ಗುಲ್ಶಾತ್," ಎಂದು ಕೂಗುತ್ತಾರೆ, "ಬಾ ಇಲ್ಲಿ, ನೋಡು."

ಒಳಗೆ ಯಂತ್ರದ ಸದ್ದು ನಿಲ್ಲುತ್ತದೆ. ಆಮೇಲೆ ಗುಲ್ಶಾತ್ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಓಡಿ ಬರುತ್ತಾಳೆ.