ಸಮ ಚಿಹ್ನೆ ಇಲ್ಲದ ಕ್ಯಾಲ್ಕ್ಯುಲೇಟರ್

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಜತ್ತ ತಾಲ್ಲೂಕಿನಲ್ಲಿ ಸಣ್ಣ ನೀರಿನ ಕಾಮಗಾರಿಗಳ ಎಂಜಿನಿಯರ್ ಆಗಿದ್ದೆ. ಆಗ ಮಾಡಗ್ಯಾಳದಲ್ಲಿ ನಡೆದ ಒಂದು ಕೆಲಸವನ್ನು ನೆನೆದರೆ ಇಂದಿಗೂ ಮುಖ ಎತ್ತಲಾಗುವುದಿಲ್ಲ.

ನನ್ನ ಫೋನಿನಲ್ಲಿ ಒಂದು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಆ್ಯಪ್ ಇತ್ತು. ರಿವರ್ಸ್ ಪೋಲಿಶ್ ಪದ್ಧತಿಯದು. ಅದರಲ್ಲಿ ಸಮ ಚಿಹ್ನೆಯೇ ಇಲ್ಲ. ಎರಡಕ್ಕೆ ಮೂರು ಕೂಡಿಸಬೇಕಾದರೆ ಎರಡು ಒತ್ತಿ, ಎಂಟರ್ ಒತ್ತಿ, ಮೂರು ಒತ್ತಿ, ಕೊನೆಗೆ ಕೂಡಿಸುವ ಗುಂಡಿ ಒತ್ತಬೇಕು. ಅಂಕಿಗಳು ಬುಟ್ಟಿಯೊಳಗಿನ ರೊಟ್ಟಿಗಳಂತೆ ಒಂದರ ಮೇಲೊಂದು ಕೂರುತ್ತವೆ. ಗುಂಡಿ ಒತ್ತಿದಾಗ ಮೇಲಿನ ಎರಡು ಕೂಡುತ್ತವೆ. ಕಾಲೇಜಿನ ದಿನಗಳಿಂದ ನನಗೆ ಈ ಪದ್ಧತಿ ಕರಗತ. ಆಫೀಸಿನಲ್ಲಿ ಯಾರಾದರೂ ಲೆಕ್ಕಕ್ಕೆಂದು ಫೋನ್ ಕೇಳಿದರೆ ಕೊಟ್ಟು, ಅವರು ಸಮ ಚಿಹ್ನೆ ಹುಡುಕುವುದನ್ನು ನೋಡಿ ನಗುತ್ತಿದ್ದೆ. ನನ್ನ ಲೆಕ್ಕವನ್ನು ಬೇರೆಯವರು ಪರೀಕ್ಷಿಸಲಾರರು ಎಂಬುದೇ ನನಗೊಂದು ಜಂಬ.

ಮಾಡಗ್ಯಾಳದ ಕುರಿಗಳಿಗೆ ನೀರು ಕುಡಿಯಲು ಕಟ್ಟಿದ್ದ ತೊಟ್ಟಿಗೆ ಹಳ್ಳದ ಒಡ್ಡಿನಿಂದ ನೂರ ನಲವತ್ತು ಮೀಟರಿನ ಕಾಲುವೆ ತೋಡಬೇಕಿತ್ತು. ಅಗೆಯುವವರು ಕರಜಗಿಯ ಹನ್ನೊಂದು ಹೆಂಗಸರು. ಅವರ ಮುಖಂಡೆ ಶಾಂತಾಬಾಯಿ. ನನಗಿಂತ ಹಿರಿಯಳು, ಓದು ಬಾರದು. ಹತ್ತು ಮೀಟರಿಗೊಂದು ಗೂಟ ನೆಟ್ಟು, ಪ್ರತಿ ಗೂಟದಲ್ಲಿ ಎಷ್ಟು ಆಳ ಅಗೆಯಬೇಕೆಂದು ನಾನು ಚೀಟಿ ಬರೆದು ಕೊಡುತ್ತಿದ್ದೆ. ಆಕೆ ಅದನ್ನು ಓದಿಸಿಕೊಂಡು ಒಂದು ಹುರಿಗೆ ಗಂಟು ಹಾಕಿಕೊಳ್ಳುತ್ತಿದ್ದಳು, ಆಳ ಎಷ್ಟೋ ಅಷ್ಟು ಉದ್ದ ಬಿಟ್ಟು ಗೂಟಕ್ಕೊಂದು ಗಂಟು.

ಆರನೆಯ ಗೂಟದ ನಂತರ, ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರವನ್ನು ಮುಂದಕ್ಕೆ ಇಟ್ಟೆವು. ಹೀಗೆ ಜಾಗ ಬದಲಿಸಿದಾಗ ಯಂತ್ರದ ಹೊಸ ಎತ್ತರವನ್ನು ಕೂಡಿಸಿ ಕಂಡುಕೊಳ್ಳಬೇಕು. ಕೂಡಿಸುತ್ತಿದ್ದಾಗ ಬೆಳುಂಕಿಯಿಂದ ಅಕ್ಕನ ಫೋನ್ ಬಂತು. ಮದುವೆಗೆ ಎಷ್ಟು ಜನ ಬರುತ್ತೀರಿ ಎಂಬ ಮಾತು. ಮುಗಿಸಿ ಬಂದು, ಗುಂಡಿ ಒತ್ತಿದ್ದೆನೋ ಇಲ್ಲವೋ ನೆನಪಾಗದೆ ಒತ್ತಿಬಿಟ್ಟೆ. ಸ್ವಲ್ಪ ಮೊದಲು ಕಾಲುವೆಯ ಒಟ್ಟು ಇಳಿಜಾರು ನೋಡಿಕೊಂಡಿದ್ದೆ, ಆ 0.45 ಮೀಟರ್ ಆ್ಯಪ್‌ನಲ್ಲಿ ಈ ಅಂಕಿಗಳ ಕೆಳಗೆ ಉಳಿದಿತ್ತು. ಎರಡನೆಯ ಸಲ ಒತ್ತಿದಾಗ ಅದೂ ಕೂಡಿಕೊಂಡಿತು. ಮುಂದಿನ ಎಂಟು ಗೂಟಗಳ ಆಳವೆಲ್ಲ ಒಂದೂವರೆ ಅಡಿ ಹೆಚ್ಚಾಯಿತು. ಸರ್ವೆಯನ್ನು ಮೊದಲೇ ಎತ್ತರ ಗೊತ್ತಿರುವ ಜಾಗಕ್ಕೆ ತಂದು ಮುಗಿಸಿ ತಾಳೆ ನೋಡುವುದು ನಮ್ಮ ಕೆಲಸದ ಮೊದಲ ಪಾಠ. ಅದನ್ನೂ ಮಾಡಲಿಲ್ಲ.

ಶಾಂತಾಬಾಯಿ ಹುರಿ ನೋಡಿ ಕೂಡಲೇ ಹೇಳಿದಳು: "ಸಾಹೇಬ್ರ, ಆರನೇ ಗೂಟದ ತನಕಾ ಎರಡ ಫೂಟ ಇತ್ತು. ಇಲ್ಲಿ ಏಕದಮ್ ದೀಡ ಫೂಟ ಹೆಚ್ಚಾತು. ನೆಲಾ ನೋಡಿದ್ರ ಸಪಾಟ ಐತಿ. ಇನ್ನೊಮ್ಮಿ ನೋಡ್ರಿ."

ನಾನು ಅವಳ ಕೈಗೆ ಫೋನ್ ಕೊಟ್ಟೆ. "ತಗೋ ಬಾಯಿ, ನೀನ ಲೆಕ್ಕಾ ಮಾಡು. ಎರಡಕ್ಕ ಮೂರ ಕೂಡಸು."

ಆಕೆ ಮಣ್ಣಿನ ಬೆರಳನ್ನು ಸೀರೆಗೆ ಒರೆಸಿಕೊಂಡು ಪರದೆಯನ್ನೇ ನೋಡುತ್ತ ನಿಂತಳು. ನಾನು ನಕ್ಕೆ. ಅಲ್ಲಿದ್ದ ಕುರಿ ಕಾಯುವ ಗಂಡಸರೂ ನಕ್ಕರು. ಆಕೆ ಫೋನ್ ಮರಳಿಸಿ ಗುದ್ದಲಿ ಹಿಡಿದಳು.

ಗಟ್ಟಿ ಗರಸು ನೆಲ. ಒಂಬತ್ತು ದಿನ ಅಗೆದು ತೊಟ್ಟಿಯ ಬಳಿ ಬಂದಾಗ ಕಾಲುವೆಯ ತಳ ತೊಟ್ಟಿಯ ಬಾಯಿಗಿಂತ ಕೆಳಗೇ ಇತ್ತು. ಹನಿ ನೀರೂ ಒಳಗೆ ಹೋಗುವಂತಿರಲಿಲ್ಲ. ಊರಿನವರು ನೆರೆದಿದ್ದರು. ನನ್ನ ಬಾಯಿಂದ ಬಂದ ಮೊದಲ ಮಾತು, "ಹೆಚ್ಚಿಗಿ ಅಗದಾರ್ರಿ ಇವರು." ಹಾಗೆ ಹೇಳುವಾಗ ನನಗೆ ಏನೂ ಅನಿಸಲಿಲ್ಲ, ಅದೇ ಈಗ ಹೆಚ್ಚು ಚುಚ್ಚುತ್ತದೆ.

ಶಾಂತಾಬಾಯಿ ಚೀಟಿಗಳನ್ನೂ ಹುರಿಯನ್ನೂ ನನ್ನ ಮುಂದಿಟ್ಟಳು. "ನಿಮ್ಮ ಬರವಣಿಗಿ ಐತಿ, ನನ್ನ ಗಂಟ ಐತಿ. ಅಳದ ನೋಡ್ರಿ. ಹಿಂಗಂದ್ರ ಈ ಊರಾಗ ಇನ್ನ ನಮ್ಮ ಟೋಳಿನ ಯಾರೂ ಕೆಲಸಕ್ಕ ಕರಿಯಂಗಿಲ್ಲರಿ."

ಅಳೆದೆ. ಅವರ ಅಗೆತದಲ್ಲಿ ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ. ಮತ್ತೆ ಸರ್ವೆ ಮಾಡಿ ಈ ಸಲ ಕಾಗದದ ಮೇಲೆ ಕೂಡಿಸಿದೆ. ನಲವತ್ತೈದು ಸೆಂಟಿಮೀಟರಿನ ವ್ಯತ್ಯಾಸ ಕಣ್ಣಿಗೆ ರಾಚಿತು. ಅಷ್ಟರಲ್ಲಿ ಊರಿನವರು ಚದುರಿದ್ದರು. ಹೆಂಗಸರು ಜಾಲಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಶಾಂತಾಬಾಯಿಯನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ, "ತಪ್ಪು ನಂದರಿ, ಬಾಯಿ" ಎಂದೆ.

ಆಕೆ ನನ್ನನ್ನೇ ನೋಡಿದಳು. "ನಗೂದು ಎಲ್ಲಾರ ಮುಂದ ನಕ್ರಿ. ನಮ್ಮನ್ನ ಅಂದದ್ದೂ ಎಲ್ಲಾರ ಮುಂದ. ಇದನ್ನ ನನ್ನೊಬ್ಬಾಕಿ ಕಿವಿಗೆ ಹೇಳ್ತೀರೇನ್ರಿ?"

ಮರುದಿನ ಬೆಳಿಗ್ಗೆ ಊರಿನವರನ್ನು ತೊಟ್ಟಿಯ ಬಳಿ ಮತ್ತೆ ಕರೆಸಿದೆ. ಹನ್ನೊಂದು ಹೆಂಗಸರ ಎದುರು, ನಕ್ಕಿದ್ದ ಗಂಡಸರ ಎದುರು, ಲೆಕ್ಕ ತಪ್ಪಿದ್ದು ನಾನು, ಇವರಲ್ಲ, ಶಾಂತಾಬಾಯಿ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತೇನೋ.

ಆ್ಯಪ್ ಇಂದಿಗೂ ನನ್ನ ಫೋನಿನಲ್ಲಿದೆ. ಅದರ ತಪ್ಪೇನೂ ಇರಲಿಲ್ಲ. ಆದರೆ ಆಮೇಲೆ ಪ್ರತಿ ಲೆಕ್ಕವನ್ನೂ ಕಾಗದಕ್ಕೆ ಇಳಿಸಿ, ಅಗೆಯುವವರ ಎದುರು ಗಟ್ಟಿಯಾಗಿ ಓದಿಯೇ ಗೂಟ ನೆಟ್ಟಿದ್ದೇನೆ. ಕೆಲಸ ಮಾಡುವವರು ಪ್ರಶ್ನೆ ಕೇಳಲಾಗದಂತೆ ಮಾಡುವ ಜಾಣತನ ನಮ್ಮ ವೃತ್ತಿಗೆ ಬೇಡವೆಂದು ನಾನು ಕಲಿತದ್ದು ಅಷ್ಟು ತಡವಾಗಿ.

ಅಂದು ಬೆಳಿಗ್ಗೆ ನಾನು ಮಾತು ಮುಗಿಸಿದ ಮೇಲೆ ಶಾಂತಾಬಾಯಿ ಕಾಲುವೆಯ ದಂಡೆಯಲ್ಲಿ ಕುಳಿತು ಸೊಂಟದಿಂದ ಹುರಿ ತೆಗೆದಳು. ಏಳನೆಯ ಗಂಟನ್ನು ಉಗುರಿನಿಂದ ಬಿಚ್ಚುತ್ತ ಹೇಳಿದಳು: "ಹೂಂ, ಈಗ ಖರೇ ಅಳತಿ ಹೇಳ್ರಿ."