ಅಂಜುತ್ತಲೇ ಬಂದ ನರ್ಸಮ್ಮ

ಅವರ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ನಮ್ಮ ಯಲಬುರ್ಗಾ ಸೀಮೆಯ ಬಿಸಿಲಿಗೆ ಅಂಗಳದ ಕಲ್ಲು ಕಾದು ಕಾಲಿಡಲಾಗದ ಹೊತ್ತಿನಲ್ಲೂ, ಲಸಿಕೆಯ ನೀಲಿ ಡಬ್ಬಿಯೊಳಗಿನ ಐಸು ಮುಟ್ಟಿ ಮುಟ್ಟಿ ಆ ಬೆರಳುಗಳು ನೀರಿನ ಕೊಡದ ಹೊರಮೈಯಂತೆ ತೇವವಾಗಿರುತ್ತಿದ್ದವು. ಜೊತೆಗೆ ಸ್ಪಿರಿಟ್ಟಿನ ವಾಸನೆ. ಅದು ಓಣಿಯ ತುದಿಯಲ್ಲಿ ಬಂದರೆ ಸಾಕು, ಮಕ್ಕಳೆಲ್ಲ ಬಣವೆಯ ಹಿಂದೆ ಮಾಯ. ನಾನೊಮ್ಮೆ ಜೋಳದ ಚೀಲಗಳ ಸಂದಿಯಲ್ಲಿ ಅಡಗಿ ಅಲ್ಲೇ ನಿದ್ದೆ ಹೋಗಿದ್ದೆ.

ನಮ್ಮೂರಿನ ಆರೋಗ್ಯ ಉಪಕೇಂದ್ರದ ನರ್ಸಮ್ಮ ಅವರು. ಸಿಕ್ಕಿಬಿದ್ದ ಮಗುವಿಗೆ "ಏನೂ ಆಗಂಗಿಲ್ಲ, ಇರಿವಿ ಕಡದಂಗ" ಎಂದು ಸುಳ್ಳು ಹೇಳುತ್ತಿರಲಿಲ್ಲ. "ನೋವು ಆಗ್ತೈತಿ. ಅಂಜಬ್ಯಾಡ ಅನ್ನಂಗಿಲ್ಲ ನಾ. ಅಂಜು. ಕೈ ಮಾತ್ರ ಹಿಂದ ತಗೀಬ್ಯಾಡ" ಎನ್ನುತ್ತಿದ್ದರು. ಅದನ್ನು ಕೇಳಿ ಅಳು ಇನ್ನೂ ಜೋರಾಗುತ್ತಿತ್ತು, ಆ ಮಾತು ಬೇರೆ.

ಇಡೀ ಓಣಿಗೆ ಅಂಜಿಕೆ ಹುಟ್ಟಿಸುವ ಅವರಿಗೆ ನಾಯಿ ಎಂದರೆ ಜೀವ ಹೋಗುತ್ತಿತ್ತು. ಪ್ರತಿ ಮನೆಯ ಮುಂದೆಯೂ ದೂರದಲ್ಲೇ ನಿಂತು "ನಾಯಿ ಕಟ್ಟೀರೇನ್ರೀ?" ಎಂದು ಕೂಗುತ್ತಿದ್ದರು. ನಮ್ಮದು ಕರಿಯ ನಾಯಿ, ಬರೀ ಬಾಯಿಬಡುಕ. ಅದನ್ನು ಕಟ್ಟಿ, ಕಟ್ಟಿದ್ದನ್ನು ತೋರಿಸಿದ ಮೇಲೆಯೇ ಅವರು ಒಳಗೆ ಬಂದು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ತಮ್ಮ ಹುಟ್ಟಿದ್ದು ಅವರ ಕೈಯಲ್ಲೇ. ಅಪ್ಪನ ತಾಯಿ, ನಮ್ಮ ಆಯಿ, ಗಂಡಸರ ಮುಂದೆ ಹೇಳಲಾಗದ ಮಾತನ್ನೆಲ್ಲ ಅವರ ಮುಂದೆ ಬಿಚ್ಚಿಡುತ್ತಿದ್ದಳು.

ನಾನು ಒಂಬತ್ತನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನ ಮನೆ ಕನಕಗಿರಿ ಕಡೆ. ಮದುವೆಯೂ ಅಲ್ಲೇ, ಗಪ್‌ಚಿಪ್. ಯಾರಾದರೂ ಕೇಳಿದರೆ ಕುಷ್ಟಗಿಯ ಅತ್ತೆಯ ಮನೆಗೆ ಹೊರಟಿದ್ದೇವೆ ಎನ್ನಬೇಕೆಂದು ಅಪ್ಪ ಎಲ್ಲರಿಗೂ ತಾಕೀತು ಮಾಡಿದ್ದ. ಅಂದಿನಿಂದ ನನಗೆ ತುತ್ತು ಇಳಿಯಲಿಲ್ಲ. ದೊಡ್ಡಪ್ಪನ ಮಗಳನ್ನೂ ನನ್ನ ವಯಸ್ಸಿನಲ್ಲೇ ಕೊಟ್ಟಿದ್ದರು. ಹೆರಿಗೆಗೆಂದು ಕೊಪ್ಪಳಕ್ಕೆ ಹೋದ ಆ ಅಕ್ಕ ಜೀವಂತ ಮರಳಲಿಲ್ಲ. ಕಣ್ಣು ಮುಚ್ಚಿದರೆ ಅವಳ ಮುಖ. ಅವ್ವನಿಗೆ ಹೇಳಿದರೆ, "ಬಾಯಿ ಮುಚ್ಚು, ನಿಮ್ಮಪ್ಪ ಕೇಳಿದ್ರ ನಮ್ಮಿಬ್ಬರನ್ನೂ ಹೂಳ್ತಾನ" ಎಂದಳು.

ಇಷ್ಟು ಬಿಗಿಯಾಗಿದ್ದ ಗುಟ್ಟನ್ನು ಒಡೆದವಳು ಆಯಿ. ಅರಿಷಿಣದ ದಿನ ನಾನು ಮುಟ್ಟಾಗಿಬಿಟ್ಟರೆ ಏನು ಗತಿ ಎಂಬ ಚಿಂತೆ ಅವಳದು. ನನ್ನನ್ನು ಕರೆದುಕೊಂಡು ನೆಟ್ಟಗೆ ಉಪಕೇಂದ್ರಕ್ಕೆ ಹೋದಳು.

"ನರ್ಸಮ್ಮಾರ, ಹುಡುಗಿಗೆ ಮುಟ್ಟು ಮುಂದ ಹಾಕೂ ಗುಳಿಗಿ ಕೊಡ್ರಿ."

"ಯಾಕಾಯಿ, ದೇವರ ಕಾರ್ಯ ಐತೇನು?"

"ನಿಮ್ಮ ಮುಂದೇನು ಮುಚ್ಚುಮರಿ? ಅರಿಷಿಣಕ್ಕ ಕುಂಡ್ರಸ್ತೀವ್ರಿ. ನೀವೂ ಬಂದು ಹೋಳಿಗಿ ಉಂಡು ಹೋಗ್ರಿ."

ನರ್ಸಮ್ಮನಿಗೆ ಸುದ್ದಿ ತಿಳಿದರೆ ಸರಕಾರಕ್ಕೆ ತಿಳಿದಂತೆ ಎಂಬುದು ಆಯಿಗೆ ಹೊಳೆಯಲೇ ಇಲ್ಲ. ಅವರು ಅವಳಿಗೆ ಮನೆಯ ಹೆಣ್ಣುಮಗಳಂತಿದ್ದರು.

ಅವರು ಆಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ, ರಕ್ತ ನೋಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದರು. ಬೆರಳು ಹಿಡಿದು ಮೆಲ್ಲಗೆ ಕೇಳಿದರು: "ನಿನಗ ಬೇಕೇನವಾ ಈ ಮದಿವಿ?"

ನಾನು ಎರಡೂ ಕೈಯಿಂದ ಅವರ ಕೈ ಹಿಡಿದುಬಿಟ್ಟೆ. ಆಗ ಗೊತ್ತಾಯಿತು, ಆ ತಣ್ಣನೆಯ ಕೈಯೂ ನಡುಗುತ್ತಿತ್ತು.

"ನನಗೂ ಅಂಜಿಕಿ ಬಂತು ನೋಡು. ನಿಮ್ಮಪ್ಪ ಸುಮ್ನ ಬಿಡೂ ಮನುಷ್ಯಾ ಅಲ್ಲ. ಈ ಊರಾಗ ನಾ ಒಬ್ಬಾಕಿ ಇರಾಕಿ."

ಅಷ್ಟು ಹೇಳಿ ಹೊರಗೆ ಬಂದು, ಗುಳಿಗೆ ತೀರಿವೆ, ತರಿಸಿಕೊಡುತ್ತೇನೆ ಎಂದು ಆಯಿಯನ್ನು ಸಾಗಹಾಕಿದರು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಆಮೇಲಿನ ದಿನಗಳನ್ನೆಲ್ಲ ನಾನು ಓಣಿಯ ಕಡೆಗೇ ಕಿವಿಯಿಟ್ಟು ಕಳೆದೆ. ಅರಿಷಿಣ ಹಚ್ಚಿದ ಮೇಲೆ ಮದುವೆ ನಿಂತರೆ ಆ ಹುಡುಗಿಯನ್ನು ಮತ್ತಾರೂ ಮಾಡಿಕೊಳ್ಳುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ. ನರ್ಸಮ್ಮ ಬರುವುದಾದರೆ ಅದಕ್ಕೂ ಮುಂಚೆ ಬರಬೇಕಿತ್ತು. ಹೊರಡುವ ದಿನ ಬೆಳಿಗ್ಗೆ ಬಾಗಿಲಿಗೆ ಗಾಡಿ ಬಂದು ನಿಂತಿತು. ಕುಷ್ಟಗಿಯಿಂದ ಬಂದಿದ್ದ ಅತ್ತೆ ಅರಿಷಿಣದ ಬಟ್ಟಲು ಹಿಡಿದು, ಹೊರಡುವ ಮುಂಚೆ ಶಾಸ್ತ್ರಕ್ಕೆ ಒಂದಿಷ್ಟು ಹಚ್ಚಿಬಿಡೋಣ ಎಂದಳು. ನನ್ನನ್ನು ಮಣೆಯ ಮೇಲೆ ಕೂಡಿಸಿದರು.

ಆಗ ನಾಯಿ ಬೊಗಳಿತು. ಅದನ್ನು ಕಟ್ಟಿರಲಿಲ್ಲ. ಕಟ್ಟಿದ್ದೀರೇನೆಂದು ಯಾರೂ ಕೂಗಿ ಕೇಳಲೂ ಇಲ್ಲ. ಕಾಲಿಗೇ ಎಗರುತ್ತಿದ್ದ ನಾಯಿಯನ್ನು ದಾಟಿ ನರ್ಸಮ್ಮ ಒಳಗೆ ಬಂದರು. ಹಿಂದೆ ಕೊಪ್ಪಳದ ಮಕ್ಕಳ ರಕ್ಷಣಾ ಕಚೇರಿಯ ಮೇಡಂ ಒಬ್ಬರು, ಪೊಲೀಸರು. ರೂಢಿಯ ಮೇಲೆ ನರ್ಸಮ್ಮ ಲಸಿಕೆಯ ಡಬ್ಬಿಯನ್ನೂ ತಂದಿದ್ದರು. ಕೈ ನಡುಗುವ ರಭಸಕ್ಕೆ ಒಳಗಿನ ಐಸು ಕಟಕಟ ಸದ್ದು ಮಾಡುತ್ತಿತ್ತು.

"ನಮ್ಮ ಮನ್ಯಾಗ ಕೂಸು ಹಡಿಸಿದಾಕಿ ನೀನು! ನಮ್ಮ ಮಾನಾ ಬೀದಿಗಿ ತಂದೆಲ್ಲ!" ಅಪ್ಪ ಮೈಮೇಲೆ ಹೋದ. ಪೊಲೀಸರು ನಡುವೆ ಬಂದರು. ನರ್ಸಮ್ಮ ಗೋಡೆಗೆ ಒತ್ತಿ ನಿಂತರೇ ಹೊರತು ಹೊರಗೆ ಹೋಗಲಿಲ್ಲ.

ಮೇಡಂ ನನ್ನ ಪಕ್ಕ ಕೂತು, ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು ಎಂದರು. ಮನೆಯವರೆಲ್ಲರ ಕಣ್ಣು ನನ್ನ ಮೇಲೆ. ನರ್ಸಮ್ಮನ ಕಡೆ ನೋಡಿದೆ. ಅವರು ನನ್ನ ಚಿಕ್ಕಂದಿನಲ್ಲಿ ಸೂಜಿ ಹಾಕುವಾಗ ಚಾಚುತ್ತಿದ್ದಂತೆ ಕೈ ಚಾಚಿದರು. ನಾನು ಆ ಕೈ ಹಿಡಿದು, "ನಾ ಸಾಲಿಗಿ ಹೋಗ್ತೀನ್ರಿ" ಎಂದೆ.

ಕೆಲವು ದಿನ ಕೊಪ್ಪಳದ ಬಾಲಮಂದಿರದಲ್ಲಿದ್ದು, ಅಪ್ಪ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಮನೆಗೆ ಬಂದೆ. ಅಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಹೊರಗೆ ನರ್ಸಮ್ಮನಿಗೆ ಜನ ಕದ ತೆರೆಯುವುದು ಬಿಟ್ಟರು. ಉಪಕೇಂದ್ರದ ಕಿಟಕಿಗೆ ಯಾರೋ ಕಲ್ಲು ಹೊಡೆದರು. ಒಂದು ದಿನ ಶಾಲೆಯಿಂದ ಬರುವಾಗ ನಾನೇ ಕೇಳಿದೆ, ಬೇರೆ ಊರಿಗೆ ವರ್ಗ ಮಾಡಿಸಿಕೊಳ್ಳಬಾರದೇ ಎಂದು.

"ನಾ ಹೋದ್ರ ನಿನ್ನ ಮತ್ತ ಮಣಿ ಮ್ಯಾಲ ಕುಂಡ್ರಸ್ತಾರ. ನಿನಗ ಹದಿನೆಂಟು ತುಂಬೂತನ ಇಲ್ಲೇ ಇರ್ತೀನಿ" ಎಂದರು. ಹೇಳುವಾಗಲೂ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡುತ್ತಿದ್ದರು.

ಇದ್ದರು. ಪ್ರತಿದಿನ ಅಂಜುತ್ತ ಇದ್ದರು. ನನಗೆ ಹದಿನೆಂಟು ತುಂಬಿದ ವರ್ಷ ಅವರು ಕುಷ್ಟಗಿ ಕಡೆಗೆ ವರ್ಗ ಮಾಡಿಸಿಕೊಂಡರು. ಹೋಗುವ ದಿನ ಆಯಿ ಗೊಣಗುತ್ತಲೇ ಹೋಳಿಗೆ ಕಟ್ಟಿಕೊಟ್ಟಳು.

ಕಳೆದ ವರ್ಷ ನರ್ಸಮ್ಮ ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದವರೆಲ್ಲ ಕಾಲು ಮುಟ್ಟುತ್ತಿದ್ದರು. ನಾನು ಕೈ ಹಿಡಿದೆ. ಅದು ತಣ್ಣಗಿತ್ತು, ಎಂದಿನಂತೆಯೇ. ಆದರೆ ನಡುಗುತ್ತಿರಲಿಲ್ಲ. ಆಗ ಅಳು ತಡೆಯಲಾಗಲಿಲ್ಲ.

ಈಗ ನಾನು ಗಂಗಾವತಿ ಕಡೆ ಅದೇ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಅರಿಷಿಣ ಅರೆಯುತ್ತಿರುವ ಮನೆಗಳಿಗೆ ಹೋಗುತ್ತೇನೆ. ಒಳಗಿನ ಗಂಡಸರ ದನಿ ಕೇಳಿದರೆ ಇವತ್ತಿಗೂ ಕಾಲು ಹಿಂದೆ ಹೋಗುತ್ತದೆ. ಕೈ ಮುಂದೆ ಮಾಡಿ ಕದ ಬಡಿಯುತ್ತೇನೆ.