ನೀಲಾವತಿ ಟೀಚರ್ ಮತ್ತು ಓಡುವ ಪದಗಳು

ಹರದನಹಳ್ಳಿಯ ಕೂಲಿ ನಾಗಯ್ಯನವರ ಹಿರಿಮಗಳು ನೀಲಾವತಿ. ಪಿಯುಸಿ ಮುಗಿಸಿ ಚಾಮರಾಜನಗರಕ್ಕೆ ಟೈಪಿಂಗ್ ಕಲಿಯಲು ಬಂದವಳು ಅದೇ ಇನ್‌ಸ್ಟಿಟ್ಯೂಟಿನಲ್ಲಿ ಟೀಚರಾಗಿ ಉಳಿದಳು. ಅದನ್ನು ನಡೆಸುತ್ತಿದ್ದ ನೀಲಕಂಠಸ್ವಾಮಿ ಮೇಷ್ಟ್ರು ಕಣ್ಣು ಮಂಜಾದಾಗ ಬೀಗದ ಕೈಯನ್ನು ಅವಳಿಗೇ ಕೊಟ್ಟು ಮನೆಗೆ ಹೋದರು. ಅವಳಿಗೆ ಮದುವೆಯಾಗಿರಲಿಲ್ಲ. ತಮ್ಮ ರಂಗರಾಜುವನ್ನು ಓದಿಸುವುದರಲ್ಲಿ ವಯಸ್ಸು ಕಳೆದಿತ್ತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಚಾಮರಾಜನಗರ ಜಿಲ್ಲೆಯಾದಾಗ ಅವಳಿಗೆ ಹಿಗ್ಗಾಗಿತ್ತು. ಹೊಸ ಕಚೇರಿಗಳು ಬರುತ್ತವೆ, ಟೈಪಿಸ್ಟ್‌ಗಳು ಬೇಕಾಗುತ್ತಾರೆ ಎಂದುಕೊಂಡಿದ್ದಳು. ಕಚೇರಿಗಳು ಬಂದವು, ಆದರೆ ಅಲ್ಲಿ ಕಂಪ್ಯೂಟರ್ ಕೆಲಸ ಬರುತ್ತದೆಯೇ ಎಂದು ಕೇಳತೊಡಗಿದರು. ಎದುರು ಸಾಲಿನಲ್ಲೇ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಒಂದು ತೆರೆಯಿತು. ಬೆಳಗಿನ ಬ್ಯಾಚಿನಲ್ಲಿ ಟಕಟಕ ಸದ್ದು ಕಡಿಮೆಯಾಯಿತು. ಸಂಜೆ ಬ್ಯಾಚಿನಲ್ಲಂತೂ ಅರ್ಧಕ್ಕರ್ಧ ಮೆಷಿನ್ನುಗಳು ಹೊದಿಕೆಯನ್ನೇ ತೆಗೆಯದೆ ಕೂತಿರುತ್ತಿದ್ದವು.

ರಂಗರಾಜು ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿದ್ದ. ಅಕ್ಕನ ಕಷ್ಟ ನೋಡಿ, ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರನ್ನು ಸರಿಮಾಡಿ, ಕಂಬಳಿಯಲ್ಲಿ ಸುತ್ತಿಕೊಂಡು ಒಂದು ಭಾನುವಾರ ರೈಲಿನಲ್ಲಿ ತಂದ. ಜೊತೆಗೆ ಕಂಪ್ಯೂಟರ್ ಪತ್ರಿಕೆಯೊಂದು, ಅದರೊಡನೆ ಉಚಿತವಾಗಿ ಬಂದ ಸಿಡಿ. ಆ ಸಿಡಿಯಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಎದುರಿನ ಸೆಂಟರಿನಲ್ಲಿರುವಂಥದ್ದಲ್ಲ, ಬೇರೆಯದು, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ ಎಂದು ವಿವರಿಸಿ ಅವನು ಅದನ್ನು ಕಂಪ್ಯೂಟರಿಗೆ ತುಂಬಿದ. ಆದರೆ ಬಣ್ಣದ ಚಿತ್ರಗಳು ಬರಬೇಕಾದ ಹೊತ್ತಿಗೆ ತೆರೆ ಗಿರಗಿರನೆ ನಡುಗಿ ಕಪ್ಪಾಯಿತು. ಎರಡು ಮೂರು ಸಲ ನೋಡಿದ. ವಾಪಸು ರೈಲಿನ ಹೊತ್ತಾಗಿತ್ತು. ಸದ್ಯಕ್ಕೆ ಅಕ್ಷರ ಮಾತ್ರ ಬರುತ್ತವೆ, ಮುಂದಿನ ಸಲ ಬಂದಾಗ ಚಿತ್ರ ಬರಿಸುತ್ತೇನೆ ಎಂದು ಹೇಳಿ, ಪೆಚ್ಚುಮುಖ ಹಾಕಿಕೊಂಡು ಹೋದ.

ನೀಲಾವತಿಗೆ ಅಂಥ ಬೇಸರವೇನೂ ಆಗಲಿಲ್ಲ. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರ, ಮುಂದಿನ ಅಕ್ಷರಕ್ಕೆ ಕಾಯುತ್ತ ಮಿಣುಕುವ ಒಂದು ಗೆರೆ. ಅವಳ ಕಣ್ಣಿಗೆ ಅದು ಕಾಗದ ಏರಿಸಿ ಇಟ್ಟ ಟೈಪ್‌ರೈಟರಿನ ಹಾಗೆಯೇ ಇತ್ತು. ಪತ್ರಿಕೆ ಪಕ್ಕಕ್ಕಿಟ್ಟುಕೊಂಡು ಅದರಲ್ಲಿ ಕೊಟ್ಟ ಆಜ್ಞೆಗಳನ್ನು ಒಂದೊಂದೇ ಒತ್ತಿ ನೋಡಿದಳು. ಒಂದಕ್ಷರ ತಪ್ಪಿದರೆ ಗೊತ್ತಿಲ್ಲ ಎನ್ನುತ್ತಿತ್ತು, ಸರಿಯಾದರೆ ಹೇಳಿದ್ದು ಮಾಡುತ್ತಿತ್ತು. ಆಟಗಳು ಎಂಬ ಭಾಗದಲ್ಲಿ ಪದಗಳ ಆಟವೊಂದಿದೆ ಎಂದು ಓದಿ ಅದನ್ನು ಸಿಡಿಯಿಂದ ಇಳಿಸಿಕೊಂಡಳು. ಮೊದಲು ಕಂಪ್ಯೂಟರ್ ಇನ್ನೇನೋ ಕಡತ ಬೇಕೆಂದಿತು. ಅದನ್ನೂ ಹುಡುಕಿ ಕೊಟ್ಟ ಮೇಲೆ ಆಟ ತೆರೆದುಕೊಂಡಿತು.

ಎಡದಂಚಿನಿಂದ ಇಂಗ್ಲಿಷ್ ಪದಗಳು ಹೊರಟು ಬಲಕ್ಕೆ ಓಡುತ್ತಿದ್ದವು. ಪದ ಆಚೆ ದಾಟುವುದರೊಳಗೆ ಅದನ್ನು ಟೈಪ್ ಮಾಡಿದರೆ ಅಳಿಸಿಹೋಗುತ್ತಿತ್ತು. ಹಲವು ಪದಗಳು ತಪ್ಪಿಸಿಕೊಂಡರೆ ಆಟ ಮುಗಿದಂತೆ. ಇಷ್ಟು ವರ್ಷ ಬೇರೆಯವರಿಗೆ ಕಲಿಸಿದ ಬೆರಳುಗಳು ತಾವಾಗಿಯೇ ಹೊರಟವು. ಪದಗಳು ಜೋರಾದವು, ಅವಳೂ ಜೋರಾದಳು. ಚಿಕ್ಕಂದಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇರೆ ಹುಡುಗಿಯರ ಕುಂಟೇಬಿಲ್ಲೆ ನೋಡುತ್ತ ನಿಂತಿದ್ದವಳು, ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯುವುದನ್ನೂ ಮರೆತು ಆಡಿದಳು.

ಅವಳ ವಿದ್ಯಾರ್ಥಿನಿಯರಲ್ಲಿ ಹರವೆಯ ಕಾವ್ಯಶ್ರೀ ಎಂಬವಳಿದ್ದಳು. ಅವಳು ಜೂನಿಯರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಬುದ್ಧಿಗೇನೂ ಕಡಿಮೆಯಿರಲಿಲ್ಲ, ಕೀಲಿಗಳನ್ನು ನೋಡಿಕೊಂಡೇ ಒತ್ತುವ ಚಾಳಿಯೊಂದು ಬಿಡುತ್ತಿರಲಿಲ್ಲ. ಪರೀಕ್ಷೆಯ ಹೆಸರೆತ್ತಿದರೆ ಬೆರಳು ಮರಗಟ್ಟುತ್ತಿದ್ದವು. ನೀಲಾವತಿ ಅವಳನ್ನು ಆಟದ ಮುಂದೆ ಕೂರಿಸಿದಳು. ಪದ ಓಡುತ್ತಿರುವಾಗ ಕೆಳಗೆ ನೋಡಲು ಪುರಸೊತ್ತೆಲ್ಲಿ?

"ಕೈ ನೋಡ್ಬೇಡ ಕಣಮ್ಮಿ, ಪದ ನೋಡು. ಕೈಗೆ ದಾರಿ ಗೊತ್ತದೆ," ಎಂದಳು ನೀಲಾವತಿ.

ಮೊದಲ ದಿನ ಹುಡುಗಿ ಬೇಗ ಬೇಗ ಸೋತಳು, ಆದರೆ ನಕ್ಕಳು. ಟೈಪಿಂಗ್ ಕ್ಲಾಸಿನಲ್ಲಿ ಅವಳು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ವಾರ ಕಳೆಯುವುದರಲ್ಲಿ ಉಳಿದ ಹುಡುಗಿಯರೂ ಸರದಿ ನಿಂತರು. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ ಬಹಳ ಹೊತ್ತು ಕೂರುತ್ತಿತ್ತು. ಅಷ್ಟರಲ್ಲಿ ಅವರೆಲ್ಲ ಟೈಪ್‌ರೈಟರುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು.

ಆಟದ ಪದಗಳು ಎಲ್ಲಿಂದ ಬರುತ್ತವೆ ಎಂದು ನೀಲಾವತಿ ಹುಡುಕಿದಳು. ಅವು ಯಾರು ಬೇಕಾದರೂ ತೆರೆದು ತಿದ್ದಬಹುದಾದ ಸಾದಾ ಕಡತದಲ್ಲಿದ್ದವು. ಮೊದಲು ಪರೀಕ್ಷೆಯ ಕಾಗದಗಳಲ್ಲಿ ಬರುವ ಪದಗಳನ್ನು ಸೇರಿಸಿದಳು. ಆಮೇಲೆ ಹುಡುಗಿಯರ ಊರುಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸೇರಿಸಿದಳು. ಮರುದಿನ ತೆರೆಯ ಮೇಲೆ ಬೇಗೂರು, ಹಂಗಳ, ಹರದನಹಳ್ಳಿ ಓಡಾಡಿದವು. ಬೆರಳು ತೊಡಕುವ ತೆರಕಣಾಂಬಿ ಬಂದರೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು.

ಟೈಪಿಂಗ್ ಟೀಚರ್ ಹುಡುಗಿಯರಿಗೆ ವೀಡಿಯೋ ಗೇಮ್ ಆಡಿಸುತ್ತಾಳೆ ಎಂಬ ಸುದ್ದಿ ಬಸ್ಸಿನಲ್ಲಿ ಹರವೆಗೆ ತಲುಪಿತು. ಕಾವ್ಯಶ್ರೀಯ ತಂದೆ ಚಿಕ್ಕಬಸವಯ್ಯ ಅರಿಸಿನ ಮಾರಲು ಪೇಟೆಗೆ ಬಂದವರು ನೆಟ್ಟಗೆ ಇನ್‌ಸ್ಟಿಟ್ಯೂಟಿಗೆ ಬಂದರು. ಹಣೆಯ ತುಂಬ ವಿಭೂತಿ, ಅಂಗೈ ಇನ್ನೂ ಹಳದಿ. ಅವರು ದನಿ ಏರಿಸುವ ಮನುಷ್ಯರಲ್ಲ.

"ಟೀಚರಮ್ಮ, ಟೈಪಿಂಗ್ ಕಲೀಲಿ ಅಂತ ಮಗಳ್ನ ಕಳ್ಸಿವ್ನಿ. ಆಟ ಆಡೋಕೆ ಊರಲ್ಲೇ ಜಾಗ ಅದೆ. ನಾಳೆಯಿಂದ ಅವಳು ಬರಕ್ಕಿಲ್ಲ."

ಕಾವ್ಯಶ್ರೀ ತಲೆ ತಗ್ಗಿಸಿದಳು. ನೀಲಾವತಿ ವಾದಿಸಲಿಲ್ಲ. ಕುರ್ಚಿ ಎಳೆದು ಕೊಟ್ಟು, ಕರೆದುಕೊಂಡು ಹೋಗುವ ಮುಂಚೆ ಮಗಳು ಏನು ಮಾಡುತ್ತಾಳೆಂದು ಒಂದು ಸಲ ನೋಡಿ ಎಂದು ಕೇಳಿಕೊಂಡಳು. ಅವರು ಹೆಗಲ ಟವೆಲನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು.

ಆಟ ಶುರುವಾಯಿತು. ಅಪ್ಪ ಹಿಂದೆ ಕೂತಿದ್ದಾರೆಂಬ ಅಂಜಿಕೆಗೆ ಕಾವ್ಯಶ್ರೀ ಮೊದಲೆರಡು ಪದ ಬಿಟ್ಟಳು. ಆಮೇಲೆ ಬೆರಳು ಸಡಿಲವಾಯಿತು. ಚಿಕ್ಕಬಸವಯ್ಯನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಬಸ್ಸಿನ ಬೋರ್ಡಿನಲ್ಲಿ ದಿನಾ ಕಂಡ ತಮ್ಮ ಊರಿನ ಹೆಸರಿನ ಗುರುತು ಇತ್ತು. ಅದು ಎಡದಿಂದ ಹೊರಟಿತು. ಮಗಳು ಬೇರೆ ಪದದಲ್ಲಿ ಮುಳುಗಿದ್ದಳು. ಅದು ನಡು ದಾಟಿತು. ಅವರು ಕುರ್ಚಿಯ ಅಂಚಿಗೆ ಬಂದರು. ಹರವೆ ಬಲದಂಚಿನಲ್ಲಿ ಮಾಯವಾಯಿತು.

"ನಮ್ಮೂರ್ನೇ ಬುಟ್ಬುಟ್ಯಲ್ಲಮ್ಮಿ," ಎಂದರು ಚಿಕ್ಕಬಸವಯ್ಯ.

ನಿಜವಾದ ಸಂಕಟದಲ್ಲೇ ಅವರು ಹಾಗೆಂದದ್ದು. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅವರಿಗೂ ನಗು ಬಂತು. ಇನ್ನೊಂದು ಸಲ ಹಾಕಲು ಅವರೇ ಹೇಳಿದರು. ಎರಡನೆಯ ಸಲ ಹರವೆ ಬರುವುದೇ ತಡ, ಕಾವ್ಯಶ್ರೀ ಅದನ್ನು ಮುಗಿಸಿದಳು. ಮಗಳು ಒಮ್ಮೆಯೂ ಕೈ ನೋಡಿಕೊಳ್ಳಲಿಲ್ಲವೆಂಬುದನ್ನು ಅವರು ಗಮನಿಸಿದ್ದರು. ನೇಗಿಲು ಹಿಡಿದವನೂ ಕೈ ನೋಡಿಕೊಂಡರೆ ಸಾಲು ಸೊಟ್ಟಗಾಗುತ್ತದೆ ಎಂದು ಯಾರಿಗೆಂದಿಲ್ಲದೆ ಹೇಳಿ, ಟವೆಲು ಕೊಡವಿ ಎದ್ದರು. ನಾಳೆ ಬರಕ್ಕಿಲ್ಲ ಎಂದ ಮಾತನ್ನು ಮತ್ತೆ ಆಡಲಿಲ್ಲ.

ಮುಂದಿನ ಪರೀಕ್ಷೆಯ ಬೆಳಿಗ್ಗೆ ಟೈಪ್‌ರೈಟರನ್ನು ಪರೀಕ್ಷಾ ಕೇಂದ್ರಕ್ಕೆ ಹೊತ್ತು ತಂದವರು ಚಿಕ್ಕಬಸವಯ್ಯನವರೇ. ಕಾವ್ಯಶ್ರೀ ಜೂನಿಯರ್ ಪಾಸಾದಳು, ಆಮೇಲೆ ಸೀನಿಯರ್ ಕೂಡ.

ಅಷ್ಟರಲ್ಲಿ ನೀಲಾವತಿ ತೆರೆಯ ಮೇಲೆ ಚಿತ್ರ ಬರಿಸುವ ಪ್ರಯತ್ನಕ್ಕೆ ಇಳಿದಿದ್ದಳು. ತಪ್ಪು ಅಂಕಿ ಕೊಟ್ಟರೆ ಮಾನಿಟರ್ ಕೆಟ್ಟೇಹೋಗಬಹುದು ಎಂದು ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ರಂಗರಾಜು ಬರುವ ತನಕ ಕಾಯೋಣವೆಂದು ಎಷ್ಟೋ ಸಲ ಕೈಬಿಟ್ಟಿದ್ದಳು. ಕೊನೆಗೊಂದು ದಿನ ಕಾವ್ಯಶ್ರೀ ಟಾರ್ಚ್ ಹಿಡಿದಳು, ನೀಲಾವತಿ ಮಾನಿಟರ್ ಹಿಂದಿನ ತಗಡಿನ ಮೇಲೆ ಸಣ್ಣದಾಗಿ ಅಚ್ಚಾಗಿದ್ದುದನ್ನು ಓದಿಕೊಂಡಳು. ತೆರೆ ಸೆಕೆಂಡಿಗೆ ಎಷ್ಟು ಸಲ ಬದಲಾಗಬೇಕೆಂಬ ಅಂಕಿಗಳು ಅಲ್ಲೇ ಇದ್ದವು. ಅವನ್ನು ತುಂಬಿ, ಕಣ್ಣು ಮುಚ್ಚಿಕೊಂಡು ಕೀಲಿ ಒತ್ತಿದಳು. ಕಣ್ಣು ಬಿಟ್ಟಾಗ ಬೂದು ಬಣ್ಣದ ತೆರೆ, ನಡುವೆ ಅಲುಗಾಡುವ ಪುಟ್ಟ ಬಾಣ.

"ಬಂತು ಮಿಸ್," ಎಂದಳು ಕಾವ್ಯಶ್ರೀ, ಪಿಸುಮಾತಿನಲ್ಲಿ. ತಾವು ಮಾಡಿದ್ದನ್ನು ನಂಬಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಕಂಪ್ಯೂಟರ್ ಕಲಿಸುವ ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾದ ಮೇಲೆ ಬ್ಯಾಚುಗಳು ಮತ್ತೆ ತುಂಬಿದವು. ಆ ದುಡ್ಡಿನಲ್ಲಿ ಕೊಂಡ ಎರಡನೆಯ ಕಂಪ್ಯೂಟರನ್ನು ನೀಲಾವತಿ ಗುಂಡ್ಲುಪೇಟೆಗೆ ಕಳಿಸಿದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು, ಕಾವ್ಯಶ್ರೀಯನ್ನೇ ಟೀಚರ್ ಮಾಡಿದಳು. ಹೂವು ತರಕಾರಿ ಕೊಳ್ಳಲು ಬರುವ ಕೇರಳದವರ ಗಾಡಿಗಳು ರಸ್ತೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ಒಳಗೆ ಹುಡುಗಿಯರು ಪದಗಳ ಹಿಂದೆ ಓಡುತ್ತಿದ್ದರು.

ಶುರುವಾದ ವಾರ ನೋಡಿಕೊಂಡು ಹೋಗಲೆಂದು ನೀಲಾವತಿ ಬಂದಳು. ಸಂಜೆ ಬ್ಯಾಚ್ ಮುಗಿದಿತ್ತು. ಕಾವ್ಯಶ್ರೀ ತಾನೇ ಹಾಕಿದ ಹೊಸ ಆಟ ತೋರಿಸಿದಳು. ಮೇಲಿನಿಂದ ಬಣ್ಣಬಣ್ಣದ ಹಡಗುಗಳು ಇಳಿಯುತ್ತಿದ್ದವು, ಕೆಳಗಿನಿಂದ ಅವುಗಳಿಗೆ ಗುಂಡು ಹೊಡೆಯಬೇಕು. ಕಲಿಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ನೀಲಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಹೊರಗೆ ಚಾಮರಾಜನಗರದ ಬಸ್ಸಿನ ಕಂಡಕ್ಟರ್ ನಗರ, ನಗರ ಎಂದು ಕೂಗಿದ. ಬಸ್ಸು ಹೊರಟ ಸದ್ದೂ ಕೇಳಿಸಿತು.

"ಬಸ್ ಓಯ್ತು ಮಿಸ್."

"ಓಗ್ಲಿ ಬುಡಮ್ಮಿ, ಇನ್ನೊಂದದೆ," ಎಂದಳು ನೀಲಾವತಿ, ತೆರೆಯಿಂದ ಕಣ್ಣು ತೆಗೆಯದೆ.